ತೋಯ್ ಹೊತ್ತ ಟ, ತಿರುಗಿ ನಿಂತ ಮಿನ್

ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಕಾಣುವ ಉರ್ದು ಬರಹದ ಒಂದೇ ಅಕ್ಷರ ಸಾಕು, ಲಿಪಿ ಕಟ್ಟುವ ಕಸುಬು ಎಂಥದ್ದೆಂದು ತಿಳಿಯಲು. ಅರಬ್ಬಿ, ಫಾರಸಿಗಳಿಗೆ ‘ಟ’ ಬೇಕಿರಲಿಲ್ಲ, ಉರ್ದುವಿಗೆ ಬೇಕಾಯಿತು. ‘ಸುಲ್ತಾನ್’ ಎಂದು ಬರೆಯುವಾಗ ನಡುವೆ ಇಡಿಯಾಗಿ ಬರುವ ‘ತೋಯ್’ ಅಕ್ಷರವನ್ನು ಪುಟ್ಟದಾಗಿಸಿ ‘ತ’ದ ತಲೆ ಮೇಲೆ ಕೂರಿಸಿದರು, ‘ಟ’ ಆಯಿತು. ‘ದ’ದ ಮೇಲೆ ಕೂರಿಸಿದರೆ ‘ಡ’. ಪಕ್ಕದ ‘ಕೋಠಿ’ಗೆ ಬೇಕಾದ ‘ಠ’ಕ್ಕೆ ಆ ‘ಟ’ದ ಜೊತೆ ಎರಡು ಕಣ್ಣಿನ ‘ಹೇ’ ಸೇರಿಸಿದರಾಯಿತು. ಧ್ವನಿಗಳ ನಂಟು ಕಣ್ಣಿಗೆ ಕಾಣುವಂತೆ ಮಾಡುವ ಈ ಜಾಣ್ಮೆಯೇ ಕಲ್ಪಿತ ಭಾಷೆಗಳ ಲಿಪಿಗೂ ಅಳತೆಗೋಲಾಗಬೇಕು. ಅಕ್ಷರ ಎಷ್ಟು ವಿಚಿತ್ರವಾಗಿದೆ ಎಂಬುದು ಆಮೇಲಿನ ಮಾತು.

ಇದೇ ನಗರದ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಬಹುಪಾಲು ತಯಾರಾಗಿ 2015ರಲ್ಲಿ ತೆರೆಕಂಡ ‘ಬಾಹುಬಲಿ’ ಚಿತ್ರದ ಕಾಲಕೇಯ ಬುಡಕಟ್ಟಿಗೆಂದು ಗೀತರಚನೆಕಾರ ಮದನ್ ಕಾರ್ಕಿ ‘ಕಿಲಿಕಿ’ ಭಾಷೆ ಕಟ್ಟಿದರು. 2020ರಲ್ಲಿ ಅದನ್ನು ಲಿಪಿ ಸಮೇತ ಜನರ ಮುಂದಿಟ್ಟರು. ಅದರಲ್ಲಿ ‘ಮಿನ್’ ಎಂದರೆ ನಾನು. ತಿರುಗಿಸಿ ‘ನಿಮ್’ ಎಂದರೆ ನೀನು. ಕನ್ನಡದಲ್ಲಿ ಬರೆದು ನೋಡಿ: ಗುಡಿಸು ‘ಮ’ವನ್ನು ಬಿಟ್ಟು ‘ನ’ಕ್ಕೆ ಹತ್ತುತ್ತದೆ, ಅರ್ಧವಾಗಿದ್ದದ್ದು ಇಡಿಯಾಗುತ್ತದೆ. ಕಿವಿಗೆ ಸರಳವಾಗಿದ್ದ ತಿರುಗುಮುರುಗು ಕಣ್ಣಿಗೆ ಗೋಜಲು. ಸ್ವರ, ವ್ಯಂಜನ ಬೇರೆ ಬೇರೆಯಾಗಿ ಸಾಲಾಗಿ ನಿಲ್ಲುವ ಲಿಪಿಯಲ್ಲಾದರೆ ಮೂರು ಅಕ್ಷರ ಹಿಂದುಮುಂದಾದರೆ ಮುಗಿಯಿತು. ನಮ್ಮ ಗುಣಿತಾಕ್ಷರ ಕನ್ನಡಕ್ಕೆ ಹೇಳಿ ಮಾಡಿಸಿದಂತಿದೆ ನಿಜ. ಇಂಥ ವ್ಯಾಕರಣಕ್ಕೆ ಒಗ್ಗುವುದಿಲ್ಲ.

ಸಿನಿಮಾ ನೋಡುವವರು ಅಕ್ಷರ ಓದುತ್ತಾರೆಯೇ, ಅಪರಿಚಿತವಾಗಿ ಕಂಡರೆ ಸಾಲದೇ ಎನ್ನಬಹುದು. ಪರದೆಯ ಮಟ್ಟಿಗೆ ಸಾಕು. ಅಭಿಮಾನಿಯೊಬ್ಬ ಪೆನ್ನು ಹಿಡಿದು ತನ್ನ ಹೆಸರು ಬರೆಯಲು ಕೂತಾಗ ಬರೀ ವೈಚಿತ್ರ್ಯ ಕೈಕೊಡುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕ್ರಮ ಹೆಚ್ಚಾದಷ್ಟೂ ಅಕ್ಷರಗಳು ಒಂದರಂತೆ ಒಂದು ಕಾಣುತ್ತವೆ. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ತನ್ನ ಕಲ್ಪಿತ ಭಾಷೆಗಳಿಗೆ ರೂಪಿಸಿದ ತೆಂಗ್ವಾರ್ ಲಿಪಿಯಲ್ಲಿ ಒಂದು ದಂಡ, ಒಂದು ಬಿಲ್ಲು ಇವೇ ಮತ್ತೆ ಮತ್ತೆ ಬಂದು ಹೊಸಬರ ಕಣ್ಣು ತಪ್ಪಿಸುತ್ತವೆ. ನಮ್ಮಲ್ಲೂ ‘ದ’ ಸೀಳಿದರೆ ‘ಧ’, ‘ಪ’ ಸೀಳಿದರೆ ‘ಫ’. ಸಣ್ಣ ಅಚ್ಚಿನಲ್ಲಿ ಆ ಸೀಳು ಮಾಯವಾಗುವುದು ಕರಡು ತಿದ್ದುವವರಿಗೆ ಗೊತ್ತು. ಆಕಾರದಲ್ಲಿ ನಂಟೇ ಇಲ್ಲದ ‘ಕ’ ‘ಖ’ಗಳಲ್ಲಿ ಯಾರೂ ಎಡವುವುದಿಲ್ಲ. ಆಕ್ಷೇಪ ಒಪ್ಪತಕ್ಕದ್ದೇ, ಆದರೆ ಅದಕ್ಕೆ ಮದ್ದೂ ಇದೆ. 1446ರಲ್ಲಿ ಪ್ರಕಟವಾದ ಕೊರಿಯಾದ ಹಂಗುಲ್ ಲಿಪಿ ವ್ಯಂಜನಗಳ ಮೂಲ ಆಕಾರಗಳನ್ನು ನಾಲಿಗೆ, ತುಟಿ, ಹಲ್ಲು, ಗಂಟಲುಗಳಿಂದ ಎತ್ತಿಕೊಂಡಿತು. ಒಂದೊಂದು ಬಳಗದ ಒಳಗೆ ಮಾತ್ರ ಗೆರೆ ಸೇರಿಸುತ್ತ ಹೋಯಿತು. ಹಾಗಾಗಿ ‘ಕ’ಕ್ಕೆ ಒಂದು ಗೆರೆ ಹೆಚ್ಚಿದರೆ ‘ಖ’ ಹುಟ್ಟುತ್ತದೆ, ಆದರೆ ‘ಮ’ದ ಚೌಕದ ಜೊತೆ ಗಲಿಬಿಲಿಯಾಗುವುದಿಲ್ಲ.