ತನ್ನ ವ್ಯಾಧಿಯನ್ನು ತಾನರಿಯದ ವ್ಯಾಧಿ

ಪಾರ್ಶ್ವವಾಯುವಿಗೆ ತುತ್ತಾದವನಿಗೆ ತನ್ನ ಕೈಕಾಲು ಸ್ವಾಧೀನ ತಪ್ಪಿರುವುದು ಎಲ್ಲರಿಗಿಂತ ಮೊದಲು ತಿಳಿಯುತ್ತದೆಂಬುದು ಲೋಕರೂಢಿಯ ನಂಬಿಕೆ. ಈ ನಂಬಿಕೆ ಎಲ್ಲ ರೋಗಿಗಳಿಗೂ ಸಲ್ಲುವುದಿಲ್ಲ. ಎಡಗೈ ಕೊರಡಿನಂತೆ ಬಿದ್ದಿದ್ದರೂ ತನಗೇನೂ ಆಗಿಲ್ಲವೆನ್ನುವವರುಂಟು. ಕೈಯೆತ್ತಲು ಹೇಳಿದರೆ, ಎತ್ತದೆಯೇ ಎತ್ತಿದೆನೆನ್ನುತ್ತಾರೆ. ಎತ್ತಲಿಲ್ಲವೆಂದು ತೋರಿಸಿಕೊಟ್ಟರೆ ಆಯಾಸವೆಂದೋ ಕೀಲುನೋವೆಂದೋ ಕಾರಣ ಹೇಳುತ್ತಾರೆ.

1914ರಲ್ಲಿ ಪ್ಯಾರಿಸ್ಸಿನ ನರರೋಗತಜ್ಞ ಜೋಸೆಫ್ ಬಾಬಿನ್‌ಸ್ಕಿಯವರು ಈ ಸ್ಥಿತಿಗೆ 'ಅನೊಸೊಗ್ನೋಸಿಯ' ಎಂದು ಹೆಸರಿಟ್ಟರು. ವ್ಯಾಧಿಯ ಅರಿವಿಲ್ಲದಿರುವುದು ಎಂಬುದೇ ಆ ಗ್ರೀಕ್ ಮೂಲದ ಶಬ್ದದ ಅರ್ಥ. ಅವರು ವರ್ಣಿಸಿದ ಇಬ್ಬರು ಮಹಿಳೆಯರಿಗೂ ಶರೀರದ ಎಡಭಾಗವೇ ಸ್ವಾಧೀನ ತಪ್ಪಿತ್ತು. ಎಡಭಾಗದ ಚಲನೆಯು ಮೆದುಳಿನ ಬಲಾರ್ಧಕ್ಕೆ ಅಧೀನವಾದುದು. ಆ ಬಲಾರ್ಧಕ್ಕೆ ಪೆಟ್ಟಾದಾಗಲೇ ಈ ಅರಿವುಗೇಡು ಹೆಚ್ಚಾಗಿ ಕಾಣುತ್ತದೆ.

ಇದು ಸುಳ್ಳೂ ಅಲ್ಲ, ಹಟವೂ ಅಲ್ಲ. ಅಂಗಕ್ಕೆ ಆಜ್ಞೆಯೀಯುವಾಗ ಮೆದುಳು ಆಗಬೇಕಾದ ಚಲನೆಯನ್ನು ಮೊದಲೇ ನಿರೀಕ್ಷಿಸುತ್ತದೆ. ಅನಂತರ ನಿಜವಾಗಿ ನಡೆದುದನ್ನು ಅದರೊಡನೆ ಹೋಲಿಸಿ ನೋಡುತ್ತದೆ. ಹೋಲಿಸುವ ಈ ವ್ಯವಸ್ಥೆಯೇ ಕೆಟ್ಟರೆ ನಿರೀಕ್ಷೆಯೇ ಅನುಭವವಾಗಿ ನಿಲ್ಲುತ್ತದೆಂಬುದು ವಿದ್ವಾಂಸರು ಕೊಡುವ ಒಂದು ವಿವರಣೆ. 1987ರಲ್ಲಿ ಇಟಲಿಯ ಸಂಶೋಧಕರು ಇಂಥ ರೋಗಿಗಳ ಎಡಗಿವಿಗೆ ತಣ್ಣೀರು ಹಾಯಿಸಿದಾಗ, ಕೆಲವರಿಗೆ ಸ್ವಲ್ಪ ಹೊತ್ತು ತಮ್ಮ ಸ್ಥಿತಿಯ ಅರಿವುಂಟಾಯಿತು. ಬರಿಯ ಹಟವಾಗಿದ್ದರೆ ತಣ್ಣೀರಿಗೆ ಅದು ಕರಗುತ್ತಿರಲಿಲ್ಲ.

ವಿದ್ಯೆಯಾಗಲಿ ಪದವಿಯಾಗಲಿ ಇದರಿಂದ ಕಾಪಾಡಲಾರದು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ 1939ರಿಂದ ನ್ಯಾಯಮೂರ್ತಿಯಾಗಿದ್ದ ವಿಲಿಯಂ ಡಗ್ಲಸ್ ಅವರಿಗೆ 1974ರ ಡಿಸೆಂಬರ್ 31ರಂದು ಪಾರ್ಶ್ವವಾಯು ಬಡಿಯಿತು. ಎಡಭಾಗ ಸ್ವಾಧೀನ ತಪ್ಪಿದ್ದರೂ ಅವರು ಅದನ್ನು ಲೆಕ್ಕಿಸದೆ ಪೀಠದಲ್ಲಿ ಮುಂದುವರಿಯಲು ಯತ್ನಿಸಿದರು. ನಿವೃತ್ತರಾದುದು 1975ರ ನವೆಂಬರಿನಲ್ಲಿ. ನರವಿಜ್ಞಾನಿಗಳು ಈ ಸ್ಥಿತಿಗೆ ಅವರನ್ನು ನಿದರ್ಶನವಾಗಿ ಹೆಸರಿಸುವುದುಂಟು.

ಅನೇಕರಲ್ಲಿ ಈ ಅರಿವುಗೇಡು ಕೆಲವು ದಿನ ಅಥವಾ ವಾರಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ಆದರೆ ಅಷ್ಟರೊಳಗೆ ಹಾನಿಯಾಗಬಹುದು. ನಡೆಯಬಲ್ಲೆನೆಂದು ಹಾಸಿಗೆಯಿಂದೆದ್ದ ರೋಗಿ ಬೀಳುತ್ತಾನೆ. ಅಂಗಸಾಧನೆ ತನಗೇಕೆಂದು ಕೇಳುತ್ತಾನೆ. ಎಲ್ಲಕ್ಕಿಂತ ಮಿಗಿಲಾದುದು ಮೊದಲ ಗಳಿಗೆಗಳ ಅಪಾಯ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಮುಖ ಸೊಟ್ಟಗಾಗಿ, ಕೈ ಜೋತುಬಿದ್ದು, ಮಾತು ತೊದಲುತ್ತಿರುವಾಗ ರೋಗಿಯು ಬೇಡವೆಂದನೆಂದು ಮನೆಯವರು ಬೆಳಗಿನವರೆಗೆ ಕಾದರೆ ಆ ಅವಧಿ ಕಳೆದುಹೋಗುತ್ತದೆ. ಅಂಥ ಸಮಯದಲ್ಲಿ ರೋಗಿಯ ಮಾತಿಗಿಂತ ನೋಡುವವರ ಕಣ್ಣೇ ಪ್ರಮಾಣ. ಅವನೊಡನೆ ವಾದಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.