ವಿಚಿತ್ರ ರೂಪ, ಉಪಕಾರಿ ಬಾಳು
ನಿಮ್ಮ ಹೊಲದ ಮೂರು ಜೀವಿಗಳ ಪರಿಚಯ



ಸಂಜೆ ಹೊಲದಿಂದ ಮರಳುವಾಗ ಬೇಲಿಯ ಮೇಲೆ ಗೋಸುಂಬೆ ಕಂಡರೆ ನೀವು ಏನು ಮಾಡುತ್ತೀರಿ? ಮಾಳಿಗೆಯ ಮೇಲೆ ಗೂಗೆ ಬಂದು ಕುಳಿತರೆ? ರಂಟೆ ಹೊಡೆಯುವಾಗ ಬಾಲವೂ ತಲೆಯಂತೆಯೇ ಇರುವ ಹಾವು ಹೊರಬಿದ್ದರೆ? ನಮ್ಮಲ್ಲಿ ಹಲವರ ಕೈ ಮೊದಲು ಹೋಗುವುದು ಕಲ್ಲಿಗೆ, ಇಲ್ಲವೆ ಬಡಿಗೆಗೆ. ಈ ಜೀವಿಗಳ ರೂಪ ವಿಚಿತ್ರವಾಗಿರುವುದೇ ಇದಕ್ಕೆ ಕಾರಣ. ಆದರೆ ಕೂರಿಗೆ, ಕುಂಟೆ, ಕುಡಗೋಲುಗಳಿಗೆ ಅವು ಮಾಡುವ ಕೆಲಸಕ್ಕೆ ತಕ್ಕ ಆಕಾರ ಇರುವಂತೆ, ಇವುಗಳ ವಿಚಿತ್ರ ಅಂಗಗಳೂ ಅವುಗಳ ಕಸುಬಿನ ಸಲಕರಣೆಗಳು. ಆ ಕಸುಬಿನ ಲಾಭ ಸೇರುವುದು ನಿಮ್ಮ ರಾಶಿಗೆ.

ಇರುಳಿನ ಕಾವಲುಗಾರ ಗೂಗೆ

ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ಎರಿಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ. ಆ ಬಿರುಕುಗಳು ಇಲಿಗಳಿಗೆ ಸಿದ್ಧ ಮನೆಗಳು. ಶೇಂಗಾ, ಕಡಲೆ, ಗೋದಿ, ಗೋವಿನಜೋಳ ಯಾವುದನ್ನೂ ಅವು ಬಿಡುವುದಿಲ್ಲ. ತಿಂದದ್ದಕ್ಕಿಂತ ಬಿಲದಲ್ಲಿ ಕೂಡಿಟ್ಟದ್ದೇ ಕೆಲವೊಮ್ಮೆ ಹೆಚ್ಚಾಗಿರುತ್ತದೆ.

ಈ ಇಲಿಗಳ ವೈರಿ ಕಣಜ ಗೂಗೆ. ಹಳೆಯ ವಾಡೆ, ಹಾಳುಗುಡಿ, ಬಾವಿಯ ಪೊಟರೆಗಳಲ್ಲಿ ವಾಸಿಸುವ ಈ ಹಕ್ಕಿಯ ಬಿಳಿ ಮುಖ ಚಪ್ಪಟೆಯಾಗಿ, ವೀಳ್ಯದೆಲೆಯ ಆಕಾರದಲ್ಲಿರುತ್ತದೆ. ಆ ಮುಖ ಶಬ್ದವನ್ನು ಮೊರದಂತೆ ಒಟ್ಟುಗೂಡಿಸಿ ಕಿವಿಗೆ ಕಳಿಸುತ್ತದೆ. ಕಿವಿಗಳೂ ಸಮನಾಗಿಲ್ಲ, ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಇದರಿಂದ ಇಲಿ ಯಾವ ದಿಕ್ಕಿನಲ್ಲಿ, ಎಷ್ಟು ಕೆಳಗೆ ಇದೆ ಎಂಬುದು ಕಗ್ಗತ್ತಲೆಯಲ್ಲಿಯೂ ಅದಕ್ಕೆ ತಿಳಿಯುತ್ತದೆ. ರೆಕ್ಕೆಯ ಗರಿಗಳ ಅಂಚು ಮೃದುವಾದ ಜಾಲರಿಯಂತಿರುವುದರಿಂದ ಹಾರುವ ಸದ್ದೇ ಕೇಳಿಸದು. ಕಣ್ಣುಗುಡ್ಡೆ ಹೊರಳದ ಕಾರಣ ಕತ್ತನ್ನೇ ಸುಮಾರು 270 ಅಂಶದಷ್ಟು ತಿರುಗಿಸಬಲ್ಲದು. ಜನರು ಹೆದರುವುದು ಇದೇ ನೋಟಕ್ಕೆ!

ಗೂಡಿನಿಂದ ಬುಸ್ ಎಂಬ ಸದ್ದು ಬಂದರೆ ಹಾವೆಂದು ಬಗೆದು ಹೊಗೆ ಹಾಕುವವರಿದ್ದಾರೆ. ಅದು ಹಸಿದ ಮರಿಗಳ ಕೂಗೂ ಆಗಿರಬಹುದು.

ನಮ್ಮ ಮಾತಿನಲ್ಲಿ ನಿಮಗೆ ನಂಬಿಕೆ ಬಾರದಿದ್ದರೆ ನೀವೇ ಪರೀಕ್ಷಿಸಿರಿ. ಗೂಗೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಎಲುಬು ಮತ್ತು ಕೂದಲನ್ನು ಉಂಡೆ ಮಾಡಿ ಉಗುಳುತ್ತದೆ. ಗೂಡಿನ ಕೆಳಗೆ ಬಿದ್ದ ಇಂಥ ಉಂಡೆಗಳನ್ನು ನೀರಿನಲ್ಲಿ ನೆನೆಯಿಟ್ಟು, ಕಡ್ಡಿಯಿಂದ ಬಿಡಿಸಿ, ತಲೆಬುರುಡೆಗಳನ್ನು ಎಣಿಸಿರಿ. ಆಮೇಲೆ ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಿರಿ. ಲಕ್ಷ್ಮಿಯ ವಾಹನ ಗೂಗೆ ಎಂದು ಹಿರಿಯರು ಹೇಳಿದ್ದು ಎಷ್ಟು ನಿಜವೆಂಬುದು ಆಗ ನಿಮಗೇ ತಿಳಿದೀತು. ಮಲೇಶಿಯಾದ ತಾಳೆ ತೋಟಗಳಲ್ಲಿಯೂ ಇಸ್ರೇಲ್ ದೇಶದ ಹೊಲಗಳಲ್ಲಿಯೂ ರೈತರು ಮರದ ಪೆಟ್ಟಿಗೆಗಳನ್ನು ಕಟ್ಟಿ ಈ ಹಕ್ಕಿಯನ್ನು ಕರೆದು ಇರಿಸಿಕೊಳ್ಳುತ್ತಾರೆ. ನಾವಾದರೋ ಬಂದದ್ದನ್ನು ಓಡಿಸುತ್ತೇವೆ.

ಬೇಲಿಯ ಬೇಟೆಗಾರ ಗೋಸುಂಬೆ

ಗೋಸುಂಬೆ ಅಥವಾ ಊಸರವಳ್ಳಿಯ ಉಸಿರು ತಾಗಿದರೆ ವಿಷ ಎಂಬ ಮಾತು ಹಳ್ಳಿಗಳಲ್ಲಿದೆ. ಇದು ಸುಳ್ಳು. ಗೋಸುಂಬೆಗೆ ವಿಷವೇ ಇಲ್ಲ. ಅದರ ಎರಡು ಕಣ್ಣುಗಳು ಬೇರೆ ಬೇರೆ ದಿಕ್ಕಿಗೆ ಹೊರಳುತ್ತವೆ: ಒಂದು ಮುಂದಿನ ಮಿಡತೆಯನ್ನು ನೋಡಿದರೆ, ಇನ್ನೊಂದು ಹಿಂದಿನ ಕಾಗೆಯನ್ನು ಗಮನಿಸುತ್ತದೆ. ಕಾಲ್ಬೆರಳುಗಳು ಎರಡು ಮತ್ತು ಮೂರರಂತೆ ಕೂಡಿಕೊಂಡು ಇಕ್ಕಳವಾಗಿವೆ. ಬಾಲ ಐದನೆಯ ಕೈ. ಮೈಯುದ್ದಕ್ಕಿಂತ ಹೆಚ್ಚು ಚಾಚುವ ಅಂಟು ನಾಲಿಗೆ ರೆಪ್ಪೆ ಬಡಿಯುವುದರೊಳಗೆ ಕೀಟವನ್ನು ಬಾಯಿಗೆ ಎಳೆದಿರುತ್ತದೆ. ಗಾಳಿಗೆ ತೂಗುವ ಎಲೆಯಂತೆ ಹಿಂದೆ ಮುಂದೆ ತೂಗಾಡುತ್ತ ನಡೆಯುವುದೂ ಮರೆಯಾಗುವ ಉಪಾಯವೇ.

ಬಣ್ಣ ಬದಲಿಸುವುದು ಕೇವಲ ಅಡಗಲಿಕ್ಕೆ ಅಲ್ಲ. ಬಿಸಿಲು, ಚಳಿ, ಅಂಜಿಕೆ, ಸಿಟ್ಟು ಇವೆಲ್ಲ ಕಾರಣ. ಸ್ವಿಟ್ಜರ್‌ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಡಗಾಸ್ಕರ್ ದ್ವೀಪದ ಒಂದು ಜಾತಿಯ ಗೋಸುಂಬೆಯಲ್ಲಿ ಇದರ ಗುಟ್ಟನ್ನು 2015ರಲ್ಲಿ ಪ್ರಕಟಿಸಿದರು. ಚರ್ಮದೊಳಗಿನ ಅತಿ ಸಣ್ಣ ಹರಳುಗಳ ನಡುವಿನ ಅಂತರ ಹೆಚ್ಚುಕಡಿಮೆಯಾದಂತೆ ಬೆಳಕು ಬೇರೆ ಬಣ್ಣವಾಗಿ ಮರಳುತ್ತದೆ.

ಹೆಣ್ಣು ಗೋಸುಂಬೆ ಮೊಟ್ಟೆ ಇಡಲು ನೆಲಕ್ಕಿಳಿಯುತ್ತದೆ. ನಡಿಗೆ ನಿಧಾನ; ಓಡಿ ಪಾರಾಗಲಾರದು. ಬೇಲಿಗೂ ಬದುವಿಗೂ ನೀವು ಹಚ್ಚುವ ಬೆಂಕಿಯಲ್ಲಿ ಮೊದಲು ಸುಡುವುದು ಇಂಥ ಜೀವಿಗಳೇ.

ಮಣ್ಣಿನೊಳಗಿನ ಒಕ್ಕಲು ಮಣ್ಣುಮುಕ್ಕ

ಮಣ್ಣುಮುಕ್ಕ ಹಾವನ್ನು ಎರಡು ತಲೆ ಹಾವು ಎನ್ನುತ್ತಾರೆ. ಆರು ತಿಂಗಳಿಗೊಮ್ಮೆ ತಲೆ ಬದಲಾಗುತ್ತದೆಂದೂ ಹೇಳುವುದುಂಟು. ತಲೆ ಒಂದೇ. ಇನ್ನೊಂದು ತುದಿಯದು ಮೊಂಡ ಬಾಲ. ವೈರಿ ಬಂದಾಗ ತಲೆಯನ್ನು ಸುರುಳಿಯೊಳಗೆ ಅಡಗಿಸಿ ಬಾಲವನ್ನು ಎತ್ತಿ ತೋರಿಸುತ್ತದೆ. ಪೆಟ್ಟು ಬಾಲಕ್ಕೆ ಬಿದ್ದರೆ ಜೀವ ಉಳಿಯುತ್ತದೆ. ಇದು ವಿಷರಹಿತ. ಇಲಿಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ, ಮೊಟ್ಟೆಯಿಡದೆ ಮರಿ ಹಾಕುತ್ತದೆ.

ಈ ಬಡ ಹಾವಿಗೆ ದೊಡ್ಡ ಕಂಟಕ ಬಂದಿರುವುದು ದುರಾಸೆಯಿಂದ. ಮನೆಯಲ್ಲಿಟ್ಟರೆ ನಿಧಿ ಸಿಗುತ್ತದೆ, ಲಕ್ಷಗಟ್ಟಲೆ ಬೆಲೆ ಬರುತ್ತದೆ ಎಂದು ಆಸೆ ತೋರಿಸುವವರು ಹಳ್ಳಿಗೆ ಬರುತ್ತಾರೆ. ಅವರ ಮಾತಿಗೆ ಮರುಳಾಗಬೇಡಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಹಿಡಿಯುವುದು, ಮಾರುವುದು ಅಪರಾಧ. ನಿಧಿ ಕಂಡವರಿಲ್ಲ, ಜೈಲು ಕಂಡವರು ಇದ್ದಾರೆ.

ಒಂದು ಎಚ್ಚರಿಕೆ: ವಿಷವಿಲ್ಲದ ಹಾವೆಂದು ತಿಳಿದು ಯಾವ ಹಾವನ್ನೂ ಕೈಯಿಂದ ಮುಟ್ಟಬೇಡಿರಿ. ಮಣ್ಣುಹಾವಿನ ಇನ್ನೊಂದು ಜಾತಿಯ ಮೈಮೇಲಿನ ಮಚ್ಚೆ ನೋಡಿದರೆ ಕೊಳಕುಮಂಡಲದಂತೆಯೇ ಇರುತ್ತದೆ. ಗುರುತು ತಪ್ಪಿದರೆ ಪ್ರಾಣಕ್ಕೆ ಅಪಾಯ. ಹಾವು ಕಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ನೀವು ಮಾಡಬೇಕಾದದ್ದು

1. ಇಲಿಪಾಷಾಣ ಇಡಬೇಕಾದಾಗ ತಜ್ಞರ ಸಲಹೆಯಂತೆ ಬಿಲದೊಳಗೇ ಇಡಿರಿ. ಸತ್ತ ಇಲಿಗಳನ್ನು ಆಯ್ದು ಆಳವಾಗಿ ಹೂಳಿರಿ. ವಿಷ ತಿಂದ ಇಲಿಯನ್ನು ತಿಂದ ಗೂಗೆಯೂ ಸಾಯಬಹುದು.

2. ಹೊಲದಲ್ಲಿ ಅಲ್ಲಲ್ಲಿ ಅಡ್ಡಪಟ್ಟಿ ಬಡಿದ ಗೂಟಗಳನ್ನು ನಿಲ್ಲಿಸಿರಿ. ಹಗಲು ಕೀಟ ತಿನ್ನುವ ಹಕ್ಕಿಗಳು, ಇರುಳು ಗೂಗೆ ಅವುಗಳ ಮೇಲೆ ಕೂಡ್ರುತ್ತವೆ.

3. ಪೊಟರೆಯುಳ್ಳ ಹಳೆಯ ಮರಗಳನ್ನು ಉಳಿಸಿರಿ. ಹಳೆಯ ಮನೆ ಕೆಡಹುವಾಗ ಗೂಗೆಯ ಮರಿಗಳು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿರಿ.

4. ಬದು, ಬೇಲಿಗಳಿಗೆ ಬೆಂಕಿ ಹಚ್ಚಬೇಡಿರಿ.

5. ಮಕ್ಕಳು ಗೋಸುಂಬೆಗೆ ಕಲ್ಲು ಎಸೆಯುತ್ತಿದ್ದರೆ ತಡೆದು, ಅದರ ಕಣ್ಣು ಮತ್ತು ನಾಲಿಗೆಯ ಚಮತ್ಕಾರವನ್ನು ದೂರದಿಂದ ತೋರಿಸಿರಿ.

ಕೂಲಿ ಕೇಳದೆ, ಊಟ ಬೇಡದೆ ನಿಮ್ಮ ಹೊಲದಲ್ಲಿ ದುಡಿಯುವ ಆಳುಗಳಿವು. ಚೆಲುವಾಗಿಲ್ಲವೆಂದು ಆಳನ್ನು ಬಿಡಿಸುವ ಒಕ್ಕಲಿಗ ಯಾರಿದ್ದಾನೆ? ಇಂದು ರಾತ್ರಿ ಗೂಗೆಯ ಕೂಗು ಕೇಳಿಸಿದರೆ ಅಪಶಕುನವೆಂದು ಬಾಗಿಲು ಹಾಕಿಕೊಳ್ಳಬೇಡಿರಿ. ನಿಮ್ಮ ಹೊಲಕ್ಕೆ ಕಾವಲು ಬಂದಿದೆಯೆಂದು ತಿಳಿಯಿರಿ.