ತಂಬಾಕಿನ ಪಾಂಡಿತ್ಯಕ್ಕೆ ಪ್ರಮಾಣಪತ್ರವೇ?

ಯಾವ ವಿದ್ಯೆಗಾದರೂ ಗುರುವೂ ಪರೀಕ್ಷೆಯೂ ಬೇಕೆಂಬುದು ಹಿರಿಯರ ಮತ. ವೈದ್ಯನಿಗೂ ವಕೀಲನಿಗೂ ಉಪಾಧ್ಯಾಯನಿಗೂ ಪ್ರಮಾಣಪತ್ರವಿರುವುದು ಯುಕ್ತವೇ ಸರಿ. ಅವರ ಅಜ್ಞಾನದಿಂದ ಪರರಿಗೆ ಹಾನಿಯಾದೀತು. ಆದರೆ ಬಿಡುವಿನ ವೇಳೆಯಲ್ಲಿ ಚುಟ್ಟ ಸೇದಿ ಸುಖಪಡುವ ಹವ್ಯಾಸಿಗೂ ತಂಬಾಕಿನ ಜ್ಞಾನದಲ್ಲಿ ತೇರ್ಗಡೆಯಾದೆನೆಂಬ ಕಾಗದವೊಂದು ಬೇಕೇ? ಈ ಪ್ರಶ್ನೆಯನ್ನು ನಾವು ವಿನೋದಕ್ಕಾಗಿ ಎತ್ತಿದವರಲ್ಲ. ಅಮೆರಿಕದ ‘ಟೊಬ್ಯಾಕೊನಿಸ್ಟ್ ಯೂನಿವರ್ಸಿಟಿ’ ಎಂಬ ಸಂಸ್ಥೆಯು ತಂಬಾಕಿನ ಅಂಗಡಿಕಾರರಿಗಲ್ಲದೆ ಸೇದುವ ಗಿರಾಕಿಗಳಿಗೂ ಪಾಠ ಹೇಳಿ, ಪರೀಕ್ಷೆ ನಡೆಯಿಸಿ, ಪ್ರಮಾಣಪತ್ರವನ್ನು ದಯಪಾಲಿಸುವುದುಂಟು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯವರಾದ ನಮಗೆ ಈ ಸಮಾಚಾರವನ್ನು ಕೇಳಿದೊಡನೆ ನಗೆ ಬಂದಿತು. ನಗೆಯ ಹಿಂದೆಯೇ ಯೋಚನೆಯೂ ಬಂದಿತು.

ಮೊದಲು ಎದುರು ಪಕ್ಷದವರ ಮಾತನ್ನು ನ್ಯಾಯವಾಗಿ ಕೇಳೋಣ. ಒಳ್ಳೆಯ ಚುಟ್ಟವೆಂಬುದು ಸಾಮಾನ್ಯ ವಸ್ತುವಲ್ಲ. ಒಳಗೆ ತುಂಬುವ ಎಲೆ ಬೇರೆ, ಅದನ್ನು ಬಿಗಿದು ಕಟ್ಟುವ ಎಲೆ ಬೇರೆ, ಮೇಲೆ ಹೊದಿಸುವ ನುಣುಪಾದ ಎಲೆ ಬೇರೆ. ಒಣಗಿದ ಎಲೆಯನ್ನು ರಾಶಿ ಹಾಕಿದರೆ ಅದು ತನ್ನಷ್ಟಕ್ಕೆ ತಾನೇ ಕಾಯುವುದು. ಆ ಕಾವಿನಲ್ಲಿ ಅದರ ಘಾಟು ಇಳಿದು ಪರಿಮಳವು ಹುಟ್ಟುವುದು. ನಮ್ಮ ದೇಶದಲ್ಲಿಯೇ ಹೊದಿಕೆಯ ಎಲೆಗೆ ಕೂಚಬಿಹಾರದ ದಿನ್‌ಹಾಟಾ ಪ್ರಸಿದ್ಧವಾದರೆ, ಚುಟ್ಟದ ತಂಬಾಕಿಗೆ ದಿಂಡಿಗಲ್ ಬಳಿಯ ವೇಡಸಂದೂರು ಹೆಸರಾದುದು. ತಿರುಚನಾಪಳ್ಳಿಯ ಚುಟ್ಟದ ಕೀರ್ತಿಯಂತೂ ಇಂಗ್ಲೆಂಡಿನವರೆಗೆ ಹಬ್ಬಿದ್ದಿತು. ೧೮೮೭ರಲ್ಲಿ ಹೊರಬಂದ ಷೆರ್ಲಾಕ್ ಹೋಮ್ಸನ ಮೊದಲನೆಯ ಕಥೆಯಲ್ಲಿ ಆ ಪತ್ತೇದಾರನು ಬಿದ್ದ ಬೂದಿಯನ್ನು ನೋಡಿಯೇ ಅದು ತಿರುಚನಾಪಳ್ಳಿಯದೆಂದು ಗುರುತಿಸುವನು. ಇಂತಹ ಜ್ಞಾನವನ್ನು ಸುಳ್ಳೆಂದು ಹೇಳಲಾಗದು. ಮಾರುವವನಿಗೆ ಇದು ಅವಶ್ಯವೇ. ಸರಕನ್ನರಿಯದ ಅಂಗಡಿಕಾರನು ಗಿರಾಕಿಗೆ ಮೋಸಮಾಡುವನು, ಇಲ್ಲವೇ ತಾನೇ ಮೋಸಹೋಗುವನು. ಆದರೆ ಹವ್ಯಾಸಿಯ ಅಜ್ಞಾನದಿಂದ ಸೋರುವುದು ಅವನದೇ ಕಿಸೆ. ಅವನ ಮೂಗು ನಾಲಗೆಗಳು ರೂಢಿಯಿಂದ ಕಲಿಯುವುವು. ಉಳಿದುದನ್ನು ಪುಸ್ತಕವೋ ಸ್ನೇಹಿತನೋ ಕಲಿಸಿಯಾರು. ಗೋಡೆಗೆ ತೂಗಿದ ಕಾಗದದಿಂದ ಅವನಿಗೆ ಉದ್ಯೋಗವೂ ದೊರೆಯದು, ಹೊಗೆಯ ರುಚಿಯೂ ಹೆಚ್ಚದು.

ತಂಬಾಕಿಗೆ ಪ್ರಮಾಣವೇನೆಂಬ ಚರ್ಚೆ ನಮಗೆ ಹೊಸದೂ ಅಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಕ್ಬರನ ರಾಯಭಾರಿಯಾಗಿ ವಿಜಯಪುರಕ್ಕೆ ಬಂದ ಅಸದ್ ಬೇಗನು ಅಲ್ಲಿ ಈ ಅಪೂರ್ವವಾದ ಎಲೆಯನ್ನು ಕಂಡು, ಅಂದವಾದೊಂದು ಕೊಳವೆಯೊಡನೆ ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ನಮ್ಮ ಅಥಣಿಗೆ ನೆರೆಯಾದ ಪಟ್ಟಣದಿಂದಲೇ ಮೊಗಲರ ಆಸ್ಥಾನಕ್ಕೆ ತಂಬಾಕು ಹೋಯಿತೆಂಬುದು ಸ್ವಾರಸ್ಯದ ಸಂಗತಿ. ಬಾದಶಹನು ಎರಡು ಮೂರು ದಮ್ಮು ಎಳೆದನು. ಆದರೆ ಆಸ್ಥಾನದ ಹಕೀಮನು ತಡೆದು, ನಮ್ಮ ಪಂಡಿತರು ಪರೀಕ್ಷಿಸದ, ನಮ್ಮ ಗ್ರಂಥಗಳು ಹೇಳದ ಈ ಪದಾರ್ಥವನ್ನು ಪ್ರಭುವು ಸೇವಿಸಬಾರದೆಂದು ವಾದಿಸಿದನು. ಮುಂದೆ ೧೬೧೭ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿಯೂ ನೋಡಿದನು. ಇಲ್ಲಿ ಗಮನಿಸತಕ್ಕುದೊಂದುಂಟು: ಅಂದಿನ ಹಕೀಮನು ರುಚಿಯ ಪ್ರಮಾಣವನ್ನು ಕೇಳಲಿಲ್ಲ, ಆರೋಗ್ಯದ ಪ್ರಮಾಣವನ್ನು ಕೇಳಿದನು. ಇಂದಿನ ಹವ್ಯಾಸಿಯೂ ಆ ಪ್ರಶ್ನೆಯನ್ನೇ ಮೊದಲು ಕೇಳಿದ್ದರೆ ಲೇಸಾಗುತ್ತಿತ್ತು.

ಇನ್ನು ನಮ್ಮ ಸೀಮೆಗೆ ಬರೋಣ. ಇಲ್ಲಿ ಬೆಳೆಯುವುದು ಬೀಡಿಯ ತಂಬಾಕು. ಇದನ್ನು ಬಲ್ಲ ರೈತನು ಯಾವ ಪರೀಕ್ಷೆಗೂ ಕುಳಿತವನಲ್ಲ. ಆದರೂ ಅವನ ಜ್ಞಾನವನ್ನು ನೋಡಿರಿ. ಒಂದು ಗ್ರಾಂ ತೂಕದಲ್ಲಿ ೧೦,೦೦೦ಕ್ಕೂ ಮಿಕ್ಕಿ ಬೀಜಗಳು. ಅಂತಹ ಧೂಳಿನಂತಹ ಬೀಜವನ್ನು ಮಡಿಯಲ್ಲಿ ಚೆಲ್ಲಿ, ಸಸಿ ಎಬ್ಬಿಸಿ, ಮಳೆಯ ಹದ ನೋಡಿ ಕರಿಯ ಹೊಲದಲ್ಲಿ ನೆಡುವನು. ಗಿಡವು ಹೂವಿಗೆ ಬರುವಾಗ ತುದಿಯ ಕುಡಿಯನ್ನು ಚಿವುಟುವನು. ಸತ್ವವೆಲ್ಲ ಎಲೆಗೆ ಇಳಿಯಬೇಕು. ಬಳಿಕ ಸಂದುಗಳಲ್ಲಿ ಮೂಡುವ ಕುಡಿಗಳನ್ನೂ ಬಿಡದೆ ಮುರಿಯುವನು. ಎಲೆಯ ಮೇಲೆ ಕಂದು ಚುಕ್ಕೆಗಳು ಮೂಡಿದುವೆಂದರೆ ಅದು ಪಕ್ವವಾಯಿತೆಂದು ತಿಳಿಯುವನು. ಕೊಯ್ದುದನ್ನು ಬಿಸಿಲಿಗೆ ಹರಡಿ, ಮಗುಚಿ, ಬೆಳಗಿನ ತಂಪಿನಲ್ಲಿ ಎಲೆಯು ಪುಡಿಯಾಗದಷ್ಟು ಮೆದುವಾದಾಗ ಕೂಡಿಸಿಡುವನು. ಚಿಟಿಕೆಯಲ್ಲಿ ಹಿಡಿದು, ಮೂಸಿ, ಬಣ್ಣ ನೋಡಿ ಮಾಲಿನ ಯೋಗ್ಯತೆಯನ್ನು ಹೇಳಬಲ್ಲನು.

ಇಷ್ಟು ಬಲ್ಲವನಿಗೆ ಸಂದ ಬೆಲೆಯೆಷ್ಟು? ಮಾಲಿನ ದರ್ಜೆಯನ್ನು ಕಟ್ಟಕಡೆಗೆ ಹೇಳುವವನು ಕೊಳ್ಳುವ ವ್ಯಾಪಾರಿ. ರೈತನ ಕಣ್ಣಿಗೆ ಉತ್ತಮವೆಂದು ಕಂಡುದು ವ್ಯಾಪಾರಿಯ ಬಾಯಲ್ಲಿ ಮಧ್ಯಮವಾದರೆ, ವರುಷದ ದುಡಿಮೆಯೆಲ್ಲ ಆ ಒಂದು ಮಾತಿನಲ್ಲಿ ಕರಗುವುದು. ಯೋಗ್ಯ ಬೆಲೆಗಾಗಿ ೧೯೮೧ರಲ್ಲಿ ನಿಪ್ಪಾಣಿಯ ತಂಬಾಕಿನ ರೈತರು ಶರದ ಜೋಶಿಯವರ ಮುಂದಾಳುತನದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ ೬ರಂದು ಪೋಲೀಸರು ಹಾರಿಸಿದ ಗುಂಡಿಗೆ ರೈತರು ಬಲಿಯಾದರು. ಆ ದಿನವನ್ನು ನಮ್ಮ ಸೀಮೆಯು ಮರೆತಿಲ್ಲ.

ಅತ್ತ ಮೈಸೂರು ಕಡೆಯ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕಿಗೆ ಬೇರೆ ಏರ್ಪಾಡುಂಟು. ೧೯೭೫ರ ಶಾಸನದಂತೆ ಹುಟ್ಟಿದ ತಂಬಾಕು ಮಂಡಲಿಯು ೧೯೮೪ರಿಂದ ಕರ್ನಾಟಕದಲ್ಲಿ ಬಹಿರಂಗ ಹರಾಜನ್ನು ನಡೆಯಿಸುತ್ತಿದೆ. ಹೊರೆಗಳನ್ನು ದರ್ಜೆ ಮಾಡಿ, ನಾಲ್ವರ ಮುಂದೆ ಬೆಲೆ ಕಟ್ಟುವರು. ಅಲ್ಲಿಯೂ ರೈತನ ಗೋಳು ಮುಗಿದಿಲ್ಲ; ಆದರೂ ದರ್ಜೆಯು ಒಬ್ಬನ ಬಾಯಮಾತಾಗಿ ಉಳಿಯುವುದಿಲ್ಲವೆಂಬುದು ಸಣ್ಣ ಲಾಭವಲ್ಲ. ನಮ್ಮ ಬೀಡಿ ತಂಬಾಕು ಆ ಹರಾಜಿನ ಹೊರಗೇ ಉಳಿದಿದೆ. ತಂಬಾಕಿನ ಜ್ಞಾನಕ್ಕೆ ಮುದ್ರೆಯೊತ್ತಿದ ಪ್ರಮಾಣವು ಎಲ್ಲಿಯಾದರೂ ಬೇಕಾಗಿದ್ದರೆ ಅದು ಇಲ್ಲಿ, ತಕ್ಕಡಿಯ ಮುಂದೆ ನಿಂತ ರೈತನ ಕೈಯಲ್ಲಿ ಬೇಕು.

ಹೆಣ್ಣುಮಕ್ಕಳ ಮಾತನ್ನು ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ. ನಿಪ್ಪಾಣಿಯ ವಖಾರಿಗಳಲ್ಲಿ ತಂಬಾಕನ್ನು ಬಡಿದು, ಜರಡಿ ಹಿಡಿದು, ಹದವಾಗಿ ಬೆರೆಸಿದವರು ಅವರೇ. ಅವರ ದುಡಿಮೆಯನ್ನೂ, ಸಂಘ ಕಟ್ಟಿ ನಡೆಸಿದ ಹೋರಾಟವನ್ನೂ ‘ಯುಗಾಂತರ್’ ಎಂಬ ಮಹಿಳೆಯರ ಚಲಚ್ಚಿತ್ರ ಸಂಘವು ೧೯೮೨ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ತೋರಿಸಿತು. ತಂಬಾಕಿನ ಧೂಳು ಎದೆಗೆ ಹೊಕ್ಕು ಕೆಮ್ಮು ದಮ್ಮುಗಳನ್ನು ತರುವುದು. ಹಸಿಯ, ತೇವದ ಎಲೆಯನ್ನು ಮುಟ್ಟಿದವರಿಗೆ ಚರ್ಮದ ಮೂಲಕವೇ ನಿಕೋಟಿನ್ ಏರಿ ತಲೆ ಸುತ್ತಿ ವಾಂತಿಯಾಗುವುದು. ಚುಟ್ಟದ ಪಾಂಡಿತ್ಯದಲ್ಲಿ ಪದವಿ ಪಡೆದವನು ಈ ಪಾಠವನ್ನು ಓದಿದನೋ ಇಲ್ಲವೋ ಎಂದು ಕೇಳುವ ಹಕ್ಕು ನಮಗುಂಟು.

ಅವನ ಮೈಯ ಮಾತನ್ನೂ ಹೇಳಬೇಕು. ಹೊಗೆಯನ್ನು ಒಳಗೆ ನುಂಗುವುದಿಲ್ಲ, ಆದುದರಿಂದ ಚುಟ್ಟವು ನಿರಪಾಯವೆಂದು ಹಲವರು ನಂಬಿರುವರು. ಅದು ಭ್ರಮೆ. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರಿಗೆ ಚುಟ್ಟವೂ ಕಾರಣವೆಂದು ವೈದ್ಯಶಾಸ್ತ್ರವು ನಿರ್ಣಯಿಸಿದೆ. ದೊಡ್ಡ ಚುಟ್ಟವೊಂದರಲ್ಲಿ ಒಂದು ಪೊಟ್ಟಣ ಸಿಗರೇಟಿನಷ್ಟು ತಂಬಾಕು ಇರಬಹುದು. ಹೊದಿಕೆಯ ಎಲೆಯ ಬಣ್ಣಕ್ಕೆ ಹತ್ತು ಹೆಸರು ಕಲಿತು, ಇದೊಂದನ್ನು ಕಲಿಯದವನ ವಿದ್ಯೆಯು ಅರೆವಿದ್ಯೆ.

ಹಾಗಾದರೆ ನಮ್ಮ ತೀರ್ಮಾನವೇನು? ಅಂಗಡಿಕಾರನಿಗೆ ಪ್ರಮಾಣಪತ್ರದಿಂದ ಪ್ರಯೋಜನವುಂಟು. ರೈತನಿಗೂ ಕೂಲಿಯವಳಿಗೂ ತಮ್ಮ ಜ್ಞಾನವನ್ನು ಬೆಲೆಯಾಗಿ ಮಾರ್ಪಡಿಸುವ ವ್ಯವಸ್ಥೆಯಾದರೆ ಅದಕ್ಕೂ ಮಿಗಿಲಾದ ಪ್ರಯೋಜನವುಂಟು. ಹವ್ಯಾಸಿಗೆ ತಿಳಿವಳಿಕೆಯಷ್ಟೇ ಸಾಕು; ಕಾಗದವು ಚಟಕ್ಕೆ ತೊಡಿಸಿದ ಜರತಾರಿಯ ಅಂಗಿಯಾದೀತು. ಪೇಟೆಯಲ್ಲಿ ಓದುವ ಹುಡುಗನು ಇಂತಹ ಪತ್ರವೊಂದನ್ನು ಹೆಮ್ಮೆಯಿಂದ ಮನೆಗೆ ತಂದರೆ ಗೃಹಸ್ಥರು ಗದರಿಸುವುದು ಬೇಡ. ಮೂರು ಪ್ರಶ್ನೆಗಳನ್ನು ಕೇಳಿರಿ: ಈ ಎಲೆ ಬೆಳೆದವನಿಗೆ ಎಷ್ಟು ಸಂದಿತು? ಇದನ್ನು ಹಸನು ಮಾಡಿದವಳ ಎದೆ ಹೇಗಿದೆ? ಇದು ನಿನ್ನ ಮೈಗೆ ಏನು ಮಾಡುವುದು? ಮೂರಕ್ಕೂ ಸರಿಯಾದ ಉತ್ತರವನ್ನು ಕಲಿತು ಬಂದಿದ್ದರೆ ಅವನ ಪರೀಕ್ಷೆ ಸಾರ್ಥಕವಾಯಿತು. ಅಷ್ಟನ್ನೂ ತಿಳಿದ ಮೇಲೆ ಅವನು ಚುಟ್ಟವನ್ನು ಕೆಳಗಿಟ್ಟರೆ, ಆ ವಿದ್ಯೆಯಲ್ಲಿ ಅವನೇ ಮೊದಲನೆಯ ದರ್ಜೆಯಲ್ಲಿ ಗೆದ್ದನೆಂದು ನಾವು ಸಂತೋಷದಿಂದ ಒಪ್ಪುವೆವು.